ಮುಹೂರ್ತದ ಹುಣ್ಣು

“ನಂಗೇನ್ ನಾಚಿಕೆ ಕಣಮ್ಮ? ಕಾಲಿಗೆ ಮುಳ್ಳು ಚುಚ್ಕೊಂಡ್ರೆ ಊರಿಗೆಲ್ಲ ತೋರಿಸ್ತೀವಿ, ಸೊಂಟದ ಕೆಳಗೆ ಹುಣ್ಣಾದ್ರೆ ಮಾತ್ರ ಬಾಯಿಗೆ ಬೀಗ. ನಂಗೂ ಆಗಿತ್ತು. ಒಂದ್ಸಲ ಅಲ್ಲ, ಮೂರ್ ಸಲ. ತೊಗರಿಕಾಳಷ್ಟು ಇರೋದು, ಉಚ್ಚೆ ಹೊಯ್ದ್ರೆ ಮೆಣಸಿನಪುಡಿ ಎರಚಿದಂಗೆ ಉರಿ. ಮೊದಲ್ನೇ ಸಲ ಉಷ್ಣ ಅಂದ್ಕೊಂಡೆ. ಮೆಂತ್ಯ ನೆನೆಹಾಕಿ ಕುಡಿದೆ, ಎಳನೀರು ಕುಡಿದೆ, ಕೊಬ್ರಿ ಎಣ್ಣೆ ಹಚ್ದೆ. ಹೋಯ್ತು. ಎರಡ್ನೇ ಸಲ ಬಂದಾಗ ಅನುಮಾನ ಬಂತು. ಮೂರ್ನೇ ಸಲ ಬಂದಾಗ ಅನುಮಾನಾನೂ ಹೋಯ್ತು, ಗ್ಯಾರಂಟಿ ಆಗ್ಬಿಡ್ತು. ಕಳ್ಳನ್ನ ಹಿಡಿದೋಳೂ ನಾನೇ, ಸಾಕ್ಷಿನೂ ನಾನೇ, ಜಡ್ಜೂ ನಾನೇ. ಶಿಕ್ಷೆನೂ ಕೊಟ್ಬಿಟ್ಟೆ. ಆಮೇಲೆ ಆಸ್ಪತ್ರೆಗೆ ಹೋದೆ. ಅಲ್ಲೇ ನೋಡು ನಾನು ತಪ್ಪಿದ್ದು. ಮೊದ್ಲು ಆಸ್ಪತ್ರೆ, ಆಮೇಲೆ ಕೋರ್ಟು. ನಾನು ಉಲ್ಟಾ ಮಾಡ್ದೆ. ಅದಕ್ಕೇ ಕೇಳಿದೋರಿಗೂ ಹೇಳ್ತೀನಿ, ಕೇಳದೇ ಇರೋರಿಗೂ ಹೇಳ್ತೀನಿ. ನಗ್ಬೇಡ, ದಾರ ಸಿಕ್ಕಾಗತ್ತೆ.”

ಹೀಗೆ ಹೇಳುವಾಗ ಆದಿಲಕ್ಷ್ಮಿಯ ಕೈ ಒಂದು ಕ್ಷಣವೂ ನಿಲ್ಲುವುದಿಲ್ಲ. ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಓಣಿಯಲ್ಲಿ ಅಕ್ತರ್ ಎಂಬುವರದೊಂದು ಅಂಗಡಿಯಿದೆ. ಸೀರೆಗೆ ಫಾಲ್ ಹಾಕುವುದು, ಸೆರಗಿಗೆ ಕುಚ್ಚು ಕಟ್ಟುವುದು ಅಲ್ಲಿನ ಕೆಲಸ. ಮೇಲಿನ ಮಹಡಿಯಲ್ಲಿ ಚಾಪೆ ಹಾಸಿಕೊಂಡು ಆರು ಜನ ಹೆಂಗಸರು ಸೆರಗನ್ನು ಮಂಡಿಯ ಮೇಲೆ ಹರಡಿ, ತಲೆ ಬಗ್ಗಿಸಿ, ರೇಷ್ಮೆ ದಾರವನ್ನು ಹೊಸೆದು ಗಂಟು ಹಾಕುತ್ತಿರುತ್ತಾರೆ. ಅವರಲ್ಲಿ ಆದಿಲಕ್ಷ್ಮಿಯೇ ಹಿರಿಯಳು. ವಯಸ್ಸು ಐವತ್ತಕ್ಕೆ ಒಂದು ಕಮ್ಮಿ. ಕತ್ತರಿ ಪಕ್ಕದಲ್ಲೇ ಬಿದ್ದಿದ್ದರೂ ದಾರವನ್ನು ಹಲ್ಲಿನಲ್ಲೇ ಕಡಿಯುತ್ತಾಳೆ.

ಅವಳು ಹುಟ್ಟಿ ಬೆಳೆದದ್ದು ಹಲಸೂರಿನ ದೇವಸ್ಥಾನದ ಹಿಂದಿನ ಬೀದಿಯಲ್ಲಿ. ಅಪ್ಪ ಮಿಲಿಟರಿಯವರ ಬಟ್ಟೆ ಒಗೆಯುತ್ತಿದ್ದವರು. ನಾಲ್ಕನೇ ಕ್ಲಾಸಿಗೆ ಓದು ನಿಂತಿತು. ಪಕ್ಕದ ಮನೆಯ ಹೆಂಗಸು ಕುಚ್ಚು ಕಟ್ಟುವುದನ್ನು ನೋಡುತ್ತ ನೋಡುತ್ತಲೇ ಕಲಿತಳು. ಬಣ್ಣ ಹೊಂದಿಸುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಬೇರೆಯವರು ಸೀರೆಯನ್ನು ಬಾಗಿಲಿಗೆ ಒಯ್ದು, ಬಿಸಿಲಿಗೆ ಹಿಡಿದು, ನಾಲ್ಕು ದಾರದ ಉಂಡೆ ಇಟ್ಟು ನೋಡಿ, ಮತ್ತೆ ತಲೆ ಕೆರೆದುಕೊಳ್ಳುತ್ತಾರೆ. ಆದಿಲಕ್ಷ್ಮಿ ಕೂತಲ್ಲೇ ಒಂದು ಸಲ ನೋಡಿ, ಡಬ್ಬಿಗೆ ಕೈ ಹಾಕಿ, ಒಂದೇ ಉಂಡೆ ತೆಗೆಯುತ್ತಾಳೆ. ಅದು ತಪ್ಪಿದ್ದಿಲ್ಲ. ಇಷ್ಟು ವರ್ಷ ಕಣ್ಣು ತಪ್ಪದೇ ಇದ್ದರೆ ಮನುಷ್ಯರಿಗೆ ಒಂದು ಧೈರ್ಯ ಬಂದುಬಿಡುತ್ತದೆ, ತಾನು ನೋಡಿದ್ದೇ ಸರಿ ಅಂತ.

ಗಂಡನನ್ನೂ ಅವಳು ಹಾಗೇ ಒಂದೇ ನೋಟಕ್ಕೆ ಆರಿಸಿದ್ದಳು. ಬೀದಿಯಲ್ಲಿ ಯಾರದೋ ಮದುವೆ. ಬ್ಯಾಂಡಿನವರ ಸಾಲಿನಲ್ಲಿ ಒಬ್ಬ ಸಣಕಲು ಹುಡುಗ ಕೆನ್ನೆ ಉಬ್ಬಿಸಿ ಸ್ಯಾಕ್ಸೊಫೋನ್ ಊದುತ್ತಿದ್ದ. “ಆ ಊದೋನೇ ಆಗ್ಲಿ ನಂಗೆ,” ಎಂದು ಅವ್ವನಿಗೆ ಹೇಳಿದಳು. ಅವನೇ ಮುನಿಕೃಷ್ಣಪ್ಪ. ಮಹದೇವಪುರ ಇನ್ನೂ ರಾಗಿ ಹೊಲವಾಗಿದ್ದ ಕಾಲದಲ್ಲಿ ಅಲ್ಲಿಂದ ತಪ್ಪಿಸಿಕೊಂಡು ಶಿವಾಜಿನಗರದ ಬ್ಯಾಂಡಿಗೆ ಸೇರಿದವನು. ಮದುವೆಯಾಗಿ ಇಪ್ಪತ್ತೆಂಟು ವರ್ಷ. ಒಬ್ಬಳೇ ಮಗಳು ಪ್ರಿಯಾ, ಮದುವೆಯಾಗಿ ಕೆ.ಆರ್. ಪುರದಲ್ಲಿದ್ದಾಳೆ.

ಹೋದ ಕಾರ್ತಿಕದಲ್ಲಿ ಮೊದಲ ಹುಣ್ಣು. ಮಾಘದಲ್ಲಿ ಎರಡನೆಯದು, ಅದೇ ಜಾಗದಲ್ಲಿ. ಎರಡೂ ಸಲ ಹತ್ತು ಹನ್ನೆರಡು ದಿನಕ್ಕೆ ಒಣಗಿ ಕಪ್ಪು ಕಲೆ ಬಿಟ್ಟು ಹೋದವು. ವೈಶಾಖದಲ್ಲಿ ಮೂರನೆಯದು ಬಂದಾಗ ಆದಿಲಕ್ಷ್ಮಿ ಒಲೆಯ ಮೇಲಿನ ಗೋಡೆಯಲ್ಲಿದ್ದ ಕ್ಯಾಲೆಂಡರಿನ ಮುಂದೆ ನಿಂತಳು. ಮುನಿಕೃಷ್ಣಪ್ಪ ತಾನು ಬ್ಯಾಂಡಿಗೆ ಹೋಗಬೇಕಾದ ದಿನಗಳಿಗೆಲ್ಲ ಕೆಂಪು ಸುನ್ನೆ ಹಾಕಿಡುತ್ತಿದ್ದ. ಹಿಂದಿನ ಹಾಳೆಗಳನ್ನೂ, ಅದೇ ಮೊಳೆಯಲ್ಲಿದ್ದ ಹೋದ ವರ್ಷದ ಕ್ಯಾಲೆಂಡರನ್ನೂ ತಿರುವಿದಳು. ಕಾರ್ತಿಕದಲ್ಲಿ ಕೆಂಪು ಸುನ್ನೆ, ಹುಣ್ಣು. ಮಾಘದಲ್ಲಿ ಕೆಂಪು ಸುನ್ನೆ, ಹುಣ್ಣು. ನಡುವಿನ ಪುಷ್ಯದಲ್ಲಿ ಮುಹೂರ್ತವಿಲ್ಲ, ಸುನ್ನೆಯಿಲ್ಲ, ಹುಣ್ಣೂ ಇಲ್ಲ. ಈಗ ವೈಶಾಖ. ಗಂಡ ನಾಲ್ಕು ದಿನದಿಂದ ಚಿಂತಾಮಣಿಯ ಕಡೆ ಮೂರು ಮದುವೆಗೆ ಹೋಗಿದ್ದ.

ಒಂದು ಸಣ್ಣ ತೊಡಕಿತ್ತು. ಈ ಸಲ ಅವನು ವಾಪಸ್ಸು ಬರುವ ಮೊದಲೇ ಉರಿ ಶುರುವಾಗಿತ್ತು. ‘ಹಳೇದು ಒಳಗೇ ಕೂತಿತ್ತು, ಈಗ ಎದ್ದಿದೆ’ ಎಂದು ಅವಳು ಆ ತೊಡಕನ್ನೂ ಬಿಡಿಸಿಕೊಂಡಳು.

ಮುನಿಕೃಷ್ಣಪ್ಪ ಒಂದು ಕೈಯಲ್ಲಿ ವಾದ್ಯದ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ಮಾವಿನಹಣ್ಣಿನ ಚೀಲ ಹಿಡಿದು ವಠಾರದೊಳಗೆ ಬಂದ. ಆದಿಲಕ್ಷ್ಮಿ ಹೊಸ್ತಿಲಿಗೆ ಅಡ್ಡ ನಿಂತಿದ್ದಳು. ಇಪ್ಪತ್ತೆಂಟು ವರ್ಷ ಅವನನ್ನು ‘ರೀ’ ಅಂದೇ ಕರೆದವಳು ಆವತ್ತು ಅದನ್ನು ಒಳಗೇ ಬಿಟ್ಟು ಬಂದಿದ್ದಳು.

“ಒಳಗೆ ಬರ್ಬೇಡ.”

“ಯಾಕೆ, ನೆಲ ಒರೆಸ್ತಿದೀಯಾ?”

“ನಿನ್ನೇ ಒರೆಸ್ಹಾಕ್ತಿದೀನಿ. ಯಾವಳೋ ಅವಳು? ಚಿಂತಾಮಣಿಯೋಳೋ, ಕೋಲಾರದೋಳೋ?”

“ಯಾವಳು?”

“ಅದನ್ನೇ ನಾನ್ ಕೇಳ್ತಿರೋದು! ಮುಹೂರ್ತ ಬಂದ್ರೆ ಸಾಕು, ನೀನ್ ಹೋಗೋದು, ನಂಗೆ ಹುಣ್ಣು ತರೋದು. ಮೂರ್ ಸಲ ಆಯ್ತು.”

ವಠಾರದ ಎಂಟು ಮನೆಯ ಬಾಗಿಲುಗಳೂ ತೆರೆದವು. ಮುನಿಕೃಷ್ಣಪ್ಪ ಪೆಟ್ಟಿಗೆಯನ್ನು ಎದೆಗೆ ಒತ್ತಿಕೊಂಡ. “ದೇವ್ರಾಣೆ ಲಕ್ಷ್ಮಿ, ನಂಗೇನೂ ಗೊತ್ತಿಲ್ಲ.”

“ಊದೋನು ಊದ್ತಾನೇ ಇರ್ತಾನೆ,” ಎಂದು ಅವಳು ಅವನ ಚಾಪೆ, ಎರಡು ಜೊತೆ ಬಟ್ಟೆ ಹೊರಗೆ ಎಸೆದಳು. ಅವನು ಮಾವಿನಹಣ್ಣಿನ ಚೀಲವನ್ನು ಕಟ್ಟೆಯ ಮೇಲಿಟ್ಟು, ಚಾಪೆ ಸುತ್ತಿಕೊಂಡು, ಬ್ಯಾಂಡಿನವರು ವಾದ್ಯಗಳನ್ನಿಡುವ ಶಿವಾಜಿನಗರದ ಕೋಣೆಗೆ ಹೊರಟುಹೋದ.

ನಾಲ್ಕನೆಯ ದಿನ ಅವಳು ಮಗಳಿಗೆ ಫೋನು ಮಾಡಿದಳು. “ನಿಮ್ಮಪ್ಪನ್ನ ಬಿಟ್ಟೆ ಕಣೇ.”

ಪ್ರಿಯಾ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ, “ಯಾವ ಡಾಕ್ಟ್ರು ಹೇಳಿದ್ರು?” ಎಂದಳು.

“ಡಾಕ್ಟ್ರು ಯಾಕೆ? ನಂಗೆ ಕಣ್ಣಿಲ್ವಾ?”

“ದಾರ ನೋಡೋ ಕಣ್ಣಲ್ಲಿ ರೋಗ ನೋಡ್ಬೇಡಮ್ಮ. ಹೋಗ್ಲಿ, ನೀನ್ ಹೇಳೋದೇ ನಿಜ ಅಂದ್ಕೋ. ನಾಳೆ ಅಪ್ಪ ‘ನಾನಲ್ಲ’ ಅಂದ್ರೆ ನಿನ್ ಕೈಲಿ ಏನಿದೆ? ಒಂದು ಚೀಟಿ ಆದ್ರೂ ಬೇಡ್ವಾ?”

ಈ ಮಾತು ಆದಿಲಕ್ಷ್ಮಿಗೆ ಬಹಳ ಹಿಡಿಸಿತು. ವಾಸಿ ಮಾಡಿಸಿಕೊಳ್ಳುವುದು ಇರಲಿ, ಡಾಕ್ಟರ ಕೈಯಲ್ಲಿ ಬರೆಸಿಕೊಂಡೇ ಬಂದುಬಿಡಬೇಕು. ಬೆಳಿಗ್ಗೆ ತಲೆ ಬಾಚಿ, ಒಳ್ಳೇ ಸೀರೆ ಉಟ್ಟು, ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಂತಳು.

“ಏನ್ ತೊಂದ್ರೆ?” ಎಂದರು ಚೀಟಿ ಕೊಡುವವರು.

“ಕೆಳಗಡೆ ಹುಣ್ಣು. ಯಾವ ರೂಮು?”

ಅವರೇ ಸುತ್ತ ನೋಡಿ ದನಿ ತಗ್ಗಿಸಿ ರೂಮಿನ ನಂಬರು ಹೇಳಿದರು. ಆ ರೂಮಿನ ಮುಂದಿನ ಬೆಂಚಿನಲ್ಲಿ ಕೂತಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡದ ಹಾಗೆ ಕೂತಿದ್ದರು. ಒಬ್ಬ ಹೆಲ್ಮೆಟ್ಟನ್ನೇ ತೆಗೆದಿರಲಿಲ್ಲ. ಆದಿಲಕ್ಷ್ಮಿ ಮಾತ್ರ ಸೆರಗು ಸರಿಮಾಡಿಕೊಂಡು ರೇಷನ್ ಅಂಗಡಿಗೆ ಬಂದವಳಂತೆ ಕೂತಳು.

ಡಾಕ್ಟರ ಹೆಸರು ಸಂಘಮಿತ್ರಾ. ಪ್ರಿಯಾಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. “ಹೇಳಿಯಮ್ಮ,” ಎಂದರು.

“ನನ್ ಗಂಡ ಹೊರಗಿಂದ ರೋಗ ತಂದಿದಾನೆ ಡಾಕ್ಟ್ರಮ್ಮ. ಹಾಗಂತ ಬರ್ದು ಸೀಲ್ ಹಾಕ್ಕೊಡಿ.”

“ಅವ್ರು ಏನ್ ತಂದ್ರು ಅಂತ ನಾನು ಬರಿಯೋಕಾಗಲ್ಲ. ನಿಮಗೇನಾಗಿದೆ ಅಂತ ನೋಡಿ ಅದನ್ನ ಬರೀಬಹುದು. ನೋಡ್ಲಾ?”

ನರ್ಸ್ ಪರದೆ ಎಳೆದಳು. ಡಾಕ್ಟರು ದೀಪ ಹಿಡಿದು ನಿಧಾನವಾಗಿ ನೋಡಿದರು. ನೋಡುತ್ತಲೇ ಒಂದೊಂದಾಗಿ ಕೇಳಿದರು. ಪ್ರತಿ ಸಲ ಇದೇ ಜಾಗವಾ? ಮೊದಲು ನೀರುಗುಳ್ಳೆ ಏಳುತ್ತಾ? ತೊಡೆಸಂದಿಯಲ್ಲಿ ಗಂಟು? ಜ್ವರ? ಸೋಪು ಬದಲಾಯಿಸಿದ್ದುಂಟಾ? ಬಿಸಿನೀರಿಗೆ ಔಷಧಿ ಹಾಕಿ ತೊಳೆಯುವ ಅಭ್ಯಾಸ ಇದೆಯಾ? ಬ್ಲೇಡು ಬಳಸುತ್ತೀರಾ? ಆದಿಲಕ್ಷ್ಮಿ ಸಾಕ್ಷಿ ಹೇಳುವವಳಂತೆ ಎಲ್ಲಕ್ಕೂ ಥಟ್ಟನೆ ಉತ್ತರ ಕೊಟ್ಟಳು.

“ಮಾತ್ರೆ ಏನಾದ್ರೂ ತಗೋತೀರಾ?”

“ಬಿಪಿ ಇಲ್ಲ, ಶುಗರ್ ಇಲ್ಲ. ಇಷ್ಟು ವಯಸ್ಸಾಯ್ತು, ನಾನು ಮಾತ್ರೆ ನುಂಗೋಳೇ ಅಲ್ಲ.”

ಪರದೆಯಿಂದ ಹೊರಗೆ ಬಂದು ಕೂತ ಮೇಲೆ ಡಾಕ್ಟರು ಕೈ ಒರೆಸಿಕೊಳ್ಳುತ್ತ ಹೇಳಿದರು. “ನೋಡಿಯಮ್ಮ, ಇಂಥ ಹುಣ್ಣಿಗೆ ಕಾರಣ ಒಂದೇ ಅಲ್ಲ. ಗಂಡ ಹೆಂಡ್ತಿ ಸೇರೋದ್ರಿಂದ ಒಬ್ಬರಿಂದ ಒಬ್ಬರಿಗೆ ಬರೋದು ಇದೆ. ಸಿಫಿಲಿಸ್ ಅಂತಾರೆ, ಅದು ಎಷ್ಟೋ ಸಲ ನೋಯೋದೇ ಇಲ್ಲ. ಒಣಗ್ತು ಅಂತ ಜನ ಸುಮ್ನಾಗ್ತಾರೆ, ಅದು ಮೈಯೊಳಗೆ ಹೋಗಿ ಕೂತಿರತ್ತೆ. ಹರ್ಪಿಸ್ ಅಂತ ಇನ್ನೊಂದು. ಯಾವ ಕಾಲದಲ್ಲೋ ಬಂದಿದ್ದು ಇವತ್ತು ತಲೆ ಎತ್ಬಹುದು, ಅದಕ್ಕೇ ಕ್ಯಾಲೆಂಡರ್ ನೋಡಿ ಯಾರಿಂದ ಯಾವಾಗ ಬಂತು ಅಂತ ಯಾರೂ ಹೇಳೋಕಾಗಲ್ಲ. ಯಾರ ತಪ್ಪೂ ಇಲ್ದೆ ಬರೋವೂ ಬೇಕಾದಷ್ಟಿವೆ. ಉಜ್ಜಿದ್ದು, ಗಾಯ, ಸೋಪು ಆಗದೇ ಇರೋದು, ಮಾತ್ರೆ ಆಗದೇ ಇರೋದು. ಒಣಗದೇ ಹಾಗೇ ನಿಂತುಬಿಡೋ ಹುಣ್ಣಾದ್ರೆ ಅದನ್ನ ಬೇರೆ ಥರಾನೇ ನೋಡ್ಬೇಕು. ನಂಗೊಂದು ಅನುಮಾನ ಇದೆ. ಆದ್ರೆ ರಕ್ತ ನೋಡ್ದೆ ಮಾತಾಡಲ್ಲ. ನಿಮ್ದೂ ಬೇಕು, ನಿಮ್ ಯಜಮಾನ್ರದೂ ಬೇಕು. ಕರೀರಿ.”

“ಅವನ್ನ ಹೊರಗೆ ಹಾಕಿದೀನಲ್ಲ.”

“ಹೊರಗಿರೋರನ್ನೇ ಅಲ್ವಾ ಕರಿಯೋದು?”

ಮುನಿಕೃಷ್ಣಪ್ಪ ಆವತ್ತು ಹತ್ತಿರದ ಛತ್ರವೊಂದರಲ್ಲಿ ಊದುತ್ತಿದ್ದ. ಧಾರೆ ಮುಗಿದ ಕೂಡಲೇ ಹಾಗೇ ಎದ್ದು ಬಂದ. ಮೈಮೇಲೆ ಕೆಂಪು ಕೋಟು, ಹೆಗಲಿಗೆ ಚಿನ್ನದ ಬಣ್ಣದ ಜರಿ, ತಲೆಗೆ ಟೋಪಿ. ಮುಖ ಮುಚ್ಚಿಕೊಂಡು ಕೂತಿದ್ದ ಬೆಂಚಿನವರೆಲ್ಲ ಈಗ ಮುಖ ತೆರೆದು ನೋಡತೊಡಗಿದರು. ಅವನು ಆದಿಲಕ್ಷ್ಮಿಯಿಂದ ಒಬ್ಬ ಮನುಷ್ಯನಷ್ಟು ಜಾಗ ಬಿಟ್ಟು ಕೂತ. ಅವನ ಇನ್ನೊಂದು ಪಕ್ಕದಲ್ಲಿದ್ದ ಹೆಲ್ಮೆಟ್ಟಿನವನಿಗೆ ತಡೆಯಲಾಗಲಿಲ್ಲ. “ಯಾರ ಮದ್ವೆ ಗುರು?”

“ನಮ್ದೇ,” ಎಂದ ಮುನಿಕೃಷ್ಣಪ್ಪ. “ಉಳಿಯತ್ತೋ ಇಲ್ವೋ ಅಂತ ಟೆಸ್ಟ್ ಮಾಡಿಸ್ತಿದೀವಿ.”

ಬೆಂಚಿಗೆ ಬೆಂಚೇ ನಕ್ಕಿತು. ಆದಿಲಕ್ಷ್ಮಿಗೂ ನಗು ಬಂತು. ಗೋಡೆಯ ಕಡೆ ತಿರುಗಿ ಅದನ್ನು ನುಂಗಿಕೊಂಡಳು. ಐದೇ ದಿನಕ್ಕೆ ಕೋಟಿನ ಕಾಲರು ಅವನ ಕತ್ತಿಗೆ ಸಡಿಲವಾಗಿರುವುದನ್ನು ಮಾತ್ರ ಅವಳ ಕಣ್ಣು ನೋಡದೇ ಬಿಡಲಿಲ್ಲ. ಆದರೂ ಮನಸ್ಸು ಕರಗಲಿಲ್ಲ. ಮಧ್ಯಾಹ್ನ ರಕ್ತದ ಚೀಟಿ ಬರಲಿ, ಆಗ ನೋಡೋಣ ಎಂದುಕೊಂಡಳು.

ಮಧ್ಯಾಹ್ನ ಚೀಟಿ ಬಂತು. ಅಷ್ಟರಲ್ಲಿ ಡಾಕ್ಟರು ಮುನಿಕೃಷ್ಣಪ್ಪನನ್ನೂ ಪರೀಕ್ಷೆ ಮಾಡಿ ಮುಗಿಸಿದ್ದರು. “ಇಬ್ಬರ ರಕ್ತದಲ್ಲೂ ಏನೂ ಇಲ್ಲ. ಅವರ ಮೈಮೇಲೂ ಏನೂ ಇಲ್ಲ,” ಎಂದರು.

“ಮಿಷಿನ್ ಸರಿಯಿದ್ಯಾ ಡಾಕ್ಟ್ರಮ್ಮ?”

ಡಾಕ್ಟರು ಚೀಟಿಯನ್ನು ಬದಿಗಿಟ್ಟರು. ಅವಳ ಮುಖವನ್ನೇ ನೋಡುತ್ತಿದ್ದರು. “ಕೆಳತುಟಿ ಮೇಲೆ ಅದೇನದು, ದುಂಡಗೆ ಕಪ್ಪಗೆ?”

“ಇದಾ? ದಾರ ಕಚ್ಚಿ ಕಚ್ಚಿ ಹಿಡ್ದಿರೋ ಬಣ್ಣ. ನಮ್ ಕೆಲ್ಸ ಅದು.”

“ಯಾವ್ ಯಾವ್ ಬಣ್ಣ ಕಚ್ತೀರಾ?”

“ಎಲ್ಲಾ. ಕೆಂಪು, ಗಿಣಿಹಸಿರು, ಅರಿಶಿನ, ಆನಂದ ನೀಲಿ...”

“ಅಷ್ಟೂ ಕಚ್ಚಿ ತುಟಿಗೆ ಕಪ್ಪೊಂದೇ ಹತ್ತತ್ತಾ?”

ಆದಿಲಕ್ಷ್ಮಿ ಬೆರಳಿನಿಂದ ತುಟಿ ಉಜ್ಜಿ ಬೆರಳನ್ನು ನೋಡಿಕೊಂಡಳು. ಬಣ್ಣದ ವಿಷಯದಲ್ಲಿ ಅವಳ ಕಣ್ಣು ತಪ್ಪಿದ್ದು ಅದೇ ಮೊದಲು.

“ಕೆಳಗೆ ಹುಣ್ಣು ಬಂದಾಗ ಈ ತುಟಿನೂ ತುರಿಸತ್ತಾ?”

“ತುರಿಸತ್ತೆ,” ಎಂದಳು ಮೆಲ್ಲಗೆ. “ಉರಿಯತ್ತೆ ಕೂಡ. ಕೆಂಪಗಾಗಿ ಆಮೇಲೆ ಇನ್ನೂ ಕಪ್ಪಾಗತ್ತೆ.”

“ಅದಕ್ಕೇ ಕೇಳಿದ್ದು. ಯಾವುದೇ ಮಾತ್ರೆ ಇಲ್ವಾ? ಯೋಚನೆ ಮಾಡಿ.”

“ಇಲ್ಲ ಅಂದ್ನಲ್ಲ!”

ಆಗ ಮೂಲೆಯಲ್ಲಿ ಟೋಪಿ ಹಿಡಿದು ನಿಂತಿದ್ದ ಮುನಿಕೃಷ್ಣಪ್ಪ ಕೆಮ್ಮಿದ. “ಮೇಡಂ, ಅಂಗ್ಡೀಲಿ ಕತ್ತು ನೋವಿಗೆ ಏನೋ ತಗೋತಾಳೆ. ಟೀ ಜೊತೆ. ಸೀಸನ್ನಲ್ಲಿ ದಿನಾ.”

“ಅದು ಮಾತ್ರೆ ಅಲ್ಲ ಕಣ್ರೀ,” ಎಂದಳು ಆದಿಲಕ್ಷ್ಮಿ ಸಿಟ್ಟಿನಿಂದ. “ಅದು ಅಕ್ತರ್ ಭಾಯಿ ಕೊಡೋದು!”

ಡಾಕ್ಟರು ಪೆನ್ನು ಕೆಳಗಿಟ್ಟರು.

ಸಂಗತಿ ಏನೆಂದರೆ, ಮುಹೂರ್ತದ ತಿಂಗಳು ಬಂತೆಂದರೆ ಅಂಗಡಿಯಲ್ಲಿ ಸೀರೆಗಳು ರಾಶಿ ಬೀಳುತ್ತವೆ. ಹೆಂಗಸರಿಗೆ ಕತ್ತು ಎತ್ತಲು ಪುರುಸೊತ್ತಿಲ್ಲ. ಪಾಪ, ಅಕ್ತರ್ ಒಳ್ಳೆಯ ಮನಸ್ಸಿನಿಂದಲೇ ಒಂದು ಹಳದಿ ಮಾತ್ರೆ ತಂದು, ಒಬ್ಬೊಬ್ಬರಿಗೆ ಒಂದೊಂದು ಎಂದು ಹಾಳೆಯನ್ನು ಚೂರು ಚೂರಾಗಿ ಕತ್ತರಿಸಿ, ರವಿಕೆಯ ಹುಕ್ಕಿನ ಡಬ್ಬಿಯಲ್ಲಿ ಹಾಕಿಡುತ್ತಿದ್ದರು. ನಾಲ್ಕು ಗಂಟೆಯ ಟೀ ತಟ್ಟೆಯಲ್ಲಿ ಬಿಸ್ಕತ್ತಿನ ಪಕ್ಕ ಅದೂ ಬರುತ್ತಿತ್ತು. ಆಸ್ಪತ್ರೆಗೆ ಹೋಗಿ, ಚೀಟಿ ಬರೆಸಿ, ಊಟಕ್ಕೆ ಮುಂಚೆಯೋ ಆಮೇಲೋ ಎಂದು ಕೇಳಿ ನುಂಗಿದರೆ ಮಾತ್ರೆ. ಟೀ ಜೊತೆ ಬಂದದ್ದು ಮಾತ್ರೆ ಹೇಗಾಗುತ್ತದೆ? ಆರು ಜನರಲ್ಲಿ ಒಬ್ಬರೂ ಅದನ್ನು ಹಾಗೆ ಲೆಕ್ಕಕ್ಕಿಟ್ಟಿರಲಿಲ್ಲ.

“ಆ ಡಬ್ಬಿ ತರ್ಸಿ,” ಎಂದರು ಡಾಕ್ಟರು. ಅಕ್ತರ್ ತಾವೇ ಓಡಿ ಬಂದರು. ಡಬ್ಬಿಯಲ್ಲಿದ್ದ ಚೂರುಗಳ ಮೇಲೆ ಒಂದರಲ್ಲೂ ಪೂರ್ತಿ ಹೆಸರಿರಲಿಲ್ಲ. ಒಂದರಲ್ಲಿ ತಲೆ, ಒಂದರಲ್ಲಿ ಬಾಲ. ನಾಲ್ಕು ಚೂರುಗಳನ್ನು ಮೇಜಿನ ಮೇಲೆ ಜೋಡಿಸಿ ಡಾಕ್ಟರು ಹೆಸರು ಓದಿದರು.

“ಇದು ನಿಮ್ ಮೈಗೆ ಆಗಲ್ಲ. ಕೆಲವರಿಗೆ ಒಂದು ಮಾತ್ರೆ ಆಗ್ಲಿಲ್ಲ ಅಂದ್ರೆ ಪ್ರತಿ ಸಲ ಅದೇ ಜಾಗ ಹುಡುಕ್ಕೊಂಡು ಬಂದು ಸುಡತ್ತೆ. ತುಟಿ, ಕೆಳಗಡೆ, ಅಂಥ ಮೆತ್ತನೆ ಜಾಗಾನೇ ಅದಕ್ಕೆ ಇಷ್ಟ. ಮುಹೂರ್ತ ಬಂದ್ರೆ ಇವ್ರು ಊರು ಬಿಡ್ತಾರೆ, ನೀವು ಇದನ್ನ ನುಂಗ್ತೀರಿ. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಗಿದೆ.”

“ಯಾ ಅಲ್ಲಾ, ನನ್ನಿಂದಾನಾ ಲಕ್ಷ್ಮಕ್ಕ?” ಎಂದು ಅಕ್ತರ್ ತಲೆಯ ಮೇಲೆ ಕೈಯಿಟ್ಟುಕೊಂಡರು.

ಆದಿಲಕ್ಷ್ಮಿ ಡಬ್ಬಿಯನ್ನೇ ದಿಟ್ಟಿಸುತ್ತಿದ್ದಳು. “ಒಂದು ನುಂಗಿ ನೋಡ್ಲಾ ಡಾಕ್ಟ್ರಮ್ಮ? ಬಂದ್ರೆ ಗ್ಯಾರಂಟಿ ಆಗತ್ತೆ.”

“ಬೇಡ್ವೇ ಬೇಡ! ಇನ್ನೊಂದ್ಸಲ ಮೈಯೆಲ್ಲ ಏಳ್ಬಹುದು. ನಿಮ್ ಗ್ಯಾರಂಟಿ ಸಾಕು.” ಒಂದು ಕಾರ್ಡಿನ ಮೇಲೆ ಮಾತ್ರೆಯ ಹೆಸರನ್ನು ದೊಡ್ಡದಾಗಿ ಬರೆದುಕೊಟ್ಟರು. ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಇದನ್ನು ತೋರಿಸಬೇಕು. ಹಚ್ಚಿಕೊಳ್ಳಲು ಮುಲಾಮು ಕೊಟ್ಟರು. ಎರಡು ವಾರದಲ್ಲಿ ಒಣಗದಿದ್ದರೆ, ಮಾತ್ರೆ ಬಿಟ್ಟ ಮೇಲೂ ಮತ್ತೆ ಬಂದರೆ, ತಿರುಗಿ ಬರಬೇಕು. ಮೂರು ತಿಂಗಳು ಕಳೆದು ಇನ್ನೊಂದು ಸಲ ರಕ್ತ ನೋಡಿಬಿಟ್ಟರೆ ಯಾವ ಅನುಮಾನವೂ ಉಳಿಯುವುದಿಲ್ಲ ಎಂದರು.

ಆಸ್ಪತ್ರೆಯ ಗೇಟಿನಲ್ಲಿ ಮುನಿಕೃಷ್ಣಪ್ಪ ಟೋಪಿ ಹಾಕಿಕೊಂಡು ಬ್ಯಾಂಡಿನ ಕೋಣೆಯ ದಿಕ್ಕಿಗೆ ತಿರುಗಿದ.

“ಮನೆ ಈ ಕಡೆ ಕಣ್ರೀ,” ಎಂದಳು ಆದಿಲಕ್ಷ್ಮಿ.

ಅವನು ನಿಂತ. ಜೋರಾಗಿ ಮಾತಾಡುವವನೇ ಅಲ್ಲ, ಆವತ್ತೂ ಆಡಲಿಲ್ಲ. “ನೀನ್ ಕೂಗಿದ್ದು ಎಂಟು ಮನೆಗೆ ಕೇಳಿಸ್ತು ಲಕ್ಷ್ಮಿ. ಈಗ ನಾನ್ ಸುಮ್ನೆ ಬಂದ್ಬಿಟ್ರೆ ‘ಪಾಪ ಮಹಾತಾಯಿ, ಕ್ಷಮಿಸಿ ಒಳಗೆ ಕರ್ಕೊಂಡ್ಲು’ ಅಂತಾರೆ. ತಪ್ಪು ಮಾಡ್ದೇ ಇರೋನಿಗೆ ಕ್ಷಮೆ ಯಾಕೆ? ಬೈದ ಗಂಟಲಲ್ಲೇ ನಿಜಾನೂ ಹೇಳು. ಆಮೇಲೆ ಬರ್ತೀನಿ.”

ಅವಳು ಬಸ್ಸಿನಲ್ಲಿ ಒಬ್ಬಳೇ ಬಂದಳು. ಬೈಯುವಾಗ ಮಾತು ತಾನಾಗಿ ಬಂದಿತ್ತು, ಇದಕ್ಕೆ ಹುಡುಕಬೇಕಾಯಿತು. ವಠಾರದ ಅಂಗಳದಲ್ಲಿ ನಿಂತು, ಸೆರಗು ಸಿಕ್ಕಿಸಿ, ಅದೇ ದನಿಯಲ್ಲಿ ಕೂಗಿದಳು. “ಎಲ್ಲ ಆಚೆ ಬನ್ರಮ್ಮ! ಹೋದ ವಾರ ಕೇಳಿಸ್ಕೊಂಡ್ರಲ್ಲ, ಇದನ್ನೂ ಕೇಳಿಸ್ಕೊಳ್ಳಿ. ನಮ್ ಯಜಮಾನ್ರು ಏನೂ ಮಾಡಿಲ್ಲ. ಹುಣ್ಣಾಗಿದ್ದು ನಾನು ನುಂಗಿದ ನೋವಿನ ಮಾತ್ರೆಯಿಂದ. ಇಬ್ಬರ ರಕ್ತಾನೂ ಕ್ಲೀನು, ಡಾಕ್ಟ್ರು ಬರ್ದಿದಾರೆ. ತಪ್ಪು ನಂದು.”

ಕಟ್ಟೆಯ ಮೇಲೆ ಕೂತಿದ್ದ ಹಿರಿಯಜ್ಜಿ ದೊಡ್ಡಮುನಿಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಿತು. “ಥೂ, ಅಂಥ ಜಾಗದ ಮಾತನ್ನ ಬೀದೀಲಿ ಆಡ್ತಾರೇನೇ?”

“ಗಂಡನ್ನ ಬೀದೀಲಿ ಬೈದಾಗ ಬಾಗ್ಲು ತೆಗ್ದು ಕೇಳಿಸ್ಕೊಂಡ್ಯಲ್ಲ ಅಜ್ಜಿ, ಆಗ ಅದು ಯಾವ ಜಾಗದ ಮಾತಾಗಿತ್ತು?”

ಅಜ್ಜಿ ಬೊಚ್ಚುಬಾಯಲ್ಲಿ ನಕ್ಕುಬಿಟ್ಟಿತು. ಅಂದು ಸಂಜೆಯೊಳಗೆ ವಠಾರದ ಹೆಂಗಸೊಬ್ಬಳು ಸಕ್ಕರೆ ಕೇಳುವ ನೆಪದಲ್ಲಿ ಬಂದು, ಆಸ್ಪತ್ರೆಯಲ್ಲಿ ಅದು ಯಾವ ರೂಮು, ನೋಡುವವರು ಹೆಂಗಸೇ ತಾನೇ ಎಂದು ಕೇಳಿಕೊಂಡು ಹೋದಳು. ಸಕ್ಕರೆ ತೆಗೆದುಕೊಂಡು ಹೋಗುವುದನ್ನು ಮರೆತಳು. ಮಾರನೆಯ ದಿನ ಅಂಗಡಿಯಲ್ಲೂ ಆದಿಲಕ್ಷ್ಮಿ ಐದು ಜನರ ಮುಂದೆ ಎಲ್ಲವನ್ನೂ ಒಪ್ಪಿಸಿದಳು. ಅಕ್ತರ್ ಡಬ್ಬಿಯಲ್ಲಿದ್ದ ಚೂರುಗಳನ್ನು ಎಸೆದು ಅದಕ್ಕೆ ಹುಕ್ಕನ್ನೇ ತುಂಬಿದರು. ಗಂಟೆಗೊಂದು ಸಲ ಎದ್ದು ಮೆಟ್ಟಿಲು ಇಳಿದು ಹತ್ತಿ ಬನ್ನಿ, ಸೀರೆ ತಡವಾದರೆ ಬೈಸಿಕೊಳ್ಳುವವನು ನಾನು ಎಂದರು.

ಸುದ್ದಿ ಶಿವಾಜಿನಗರದ ಕೋಣೆಗೆ ಮುಟ್ಟಲು ಎರಡು ದಿನ ಬೇಕಾಯಿತು. ಮೂರನೆಯ ದಿನ ಸಂಜೆ ಮುನಿಕೃಷ್ಣಪ್ಪ ಅಂಗಳಕ್ಕೆ ಬಂದ. ಎಂಟೂ ಬಾಗಿಲುಗಳಲ್ಲಿ ನಿಂತವರಿಗೆ ಒಂದೊಂದಾಗಿ ತಲೆಯಾಡಿಸಿ, ಹೊಸ್ತಿಲ ಹತ್ತಿರ ಚಪ್ಪಲಿ ಬಿಟ್ಟ. ಆದಿಲಕ್ಷ್ಮಿ ಅಡುಗೆಮನೆಯ ನೆಲದಲ್ಲಿ ಪೇಪರು ಹಾಸಿ, ದಂಟಿನ ಸೊಪ್ಪಿನ ಕಟ್ಟು ಬಿಚ್ಚಿಕೊಂಡು ಕೂತಿದ್ದಳು. ಅವನ ಕಡೆಗೆ ಒಂದು ಮಣೆ ತಳ್ಳಿದಳು.

“ತಪ್ಪಾಯ್ತು ಕಣ್ರೀ,” ಎಂದಳು, ಸೊಪ್ಪಿನಿಂದ ಕಣ್ಣೆತ್ತಿ ಅವನನ್ನೇ ನೋಡುತ್ತ. “ಅಂಗಳದಲ್ಲಿ ಹೇಳಿದ್ದು ಅವರಿಗೆ. ಇದು ನಿಮಗೆ.”

ಅವನು ಮಣೆಯ ಮೇಲೆ ಕೂತು ಒಂದು ಹಿಡಿ ಸೊಪ್ಪು ಎತ್ತಿಕೊಂಡ. “ಸಾರಿಗೋ, ಪಲ್ಯಕ್ಕೋ?”

“ಸಾರಿಗೆ. ಬೇರು ಮುರ್ದು ಈ ಕಡೆ ಹಾಕಿ. ಎಳೇ ದಂಟು ಬಿಸಾಕ್ಬೇಡಿ.”

ಇಬ್ಬರೂ ಕೂತು ಸೊಪ್ಪು ಬಿಡಿಸಿದರು. ತೂತು ಬಿದ್ದ ಎಲೆಗಳನ್ನು ಅವನು ಬೆಳಕಿಗೆ ಹಿಡಿದು ನೋಡಿ ಬದಿಗಿಡುತ್ತಿದ್ದ. ಅವಳು ಅದರಲ್ಲಿ ಅರ್ಧವನ್ನು ಮತ್ತೆ ಹೆಕ್ಕಿ ಮೊರಕ್ಕೆ ಹಾಕಿಕೊಂಡು, ನಲ್ಲಿಯ ಕೆಳಗೆ ಹಿಡಿದು, ಮಣ್ಣು ಹೋಗುವ ತನಕ ಮೂರು ನೀರು ತೊಳೆದಳು.